ಕಲ್ಯಾಣ ನೆರವು ಮತ್ತು ದುಡಿಮೆಯ ಷರತ್ತು

ಸರ್ಕಾರದಿಂದ ಹಣ, ಆಹಾರ, ಆರೋಗ್ಯ ವಿಮೆ ಮೊದಲಾದ ನೆರವು ಪಡೆಯುವವರು ಅದಕ್ಕೆ ಪ್ರತಿಯಾಗಿ ಇಂತಿಷ್ಟು ಗಂಟೆ ದುಡಿಯಬೇಕು, ಇಲ್ಲವೇ ತಾವು ಕೆಲಸ ಹುಡುಕುತ್ತಿರುವುದನ್ನೋ ತರಬೇತಿ ಪಡೆಯುತ್ತಿರುವುದನ್ನೋ ರುಜುವಾತುಪಡಿಸಬೇಕು ಎಂದು ವಿಧಿಸುವ ನಿಯಮ. ತಪ್ಪಿದವರ ನೆರವು ಕಡಿತವಾಗುತ್ತದೆ ಅಥವಾ ನಿಂತುಹೋಗುತ್ತದೆ. ಷರತ್ತು ಸಾಮಾನ್ಯವಾಗಿ ದುಡಿಯಲು ಶಕ್ತರಾದ ವಯಸ್ಕರಿಗೆ ಮಾತ್ರ. ವೃದ್ಧರು, ಅಂಗವಿಕಲರು, ಕಾಯಿಲೆಯವರು, ಗರ್ಭಿಣಿಯರು, ಎಳೆಮಕ್ಕಳ ಪಾಲಕರು ಬಹುತೇಕ ಕಡೆ ಇದರಿಂದ ಹೊರಗೆ. ಹೀಗಾಗಿ ಇಂಥ ನಿಯಮ ಎಲ್ಲೇ ಜಾರಿಯಾದರೂ ಕಚೇರಿಗಳು ಎರಡು ಪ್ರಶ್ನೆಗಳನ್ನು ಬಗೆಹರಿಸಬೇಕಾಗುತ್ತದೆ: ಯಾರು ಶಕ್ತರು? ಅವರು ದುಡಿದಿದ್ದಾರೆಯೇ? ನಾಲ್ಕು ಶತಮಾನಗಳ ಅನುಭವ ನೋಡಿದರೆ, ಷರತ್ತಿನ ಫಲಾಫಲ ಕೆಲಸಕ್ಕಿಂತ ಹೆಚ್ಚಾಗಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ರೀತಿಯನ್ನು ಅವಲಂಬಿಸಿದೆ.

ಬಗೆಗಳು

ದುಡಿಮೆಯ ಷರತ್ತುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ಮೊದಲನೆಯದರಲ್ಲಿ ಸರ್ಕಾರವೇ ಕೆಲಸ ಕೊಡುತ್ತದೆ, ಕೂಲಿಯೇ ನೆರವು. ಬರಗಾಲದ ಕಾಮಗಾರಿಗಳು, ಭಾರತದ ಉದ್ಯೋಗ ಖಾತರಿ ಈ ಗುಂಪಿನವು. ಎರಡನೆಯದರಲ್ಲಿ ನೆರವು ಮೊದಲೇ ಗೊತ್ತಾಗಿರುತ್ತದೆ, ಅದನ್ನು ಉಳಿಸಿಕೊಳ್ಳಲು ಸರ್ಕಾರ ಹೇಳಿದ ಕೆಲಸ ಮಾಡಬೇಕು. 1990ರ ದಶಕದಲ್ಲಿ ನ್ಯೂಯಾರ್ಕ್ ನಗರದಲ್ಲಿ ನೆರವು ಪಡೆಯುತ್ತಿದ್ದ ಸಾವಿರಾರು ಜನ ಉದ್ಯಾನ, ಬೀದಿಗಳನ್ನು ಗುಡಿಸಿದ್ದು ಹೀಗೆ. ಮೂರನೆಯದು ಹುಡುಕಾಟದ ಷರತ್ತು: ಅರ್ಜಿ ಹಾಕಿದ್ದಕ್ಕೆ, ಸಂದರ್ಶನಕ್ಕೆ ಹೋದದ್ದಕ್ಕೆ ದಾಖಲೆ ತೋರಿಸಬೇಕು. ನಾಲ್ಕನೆಯದು ಗಂಟೆಲೆಕ್ಕದ ಷರತ್ತು. ಇಲ್ಲಿ ಸರ್ಕಾರ ಕೆಲಸ ಕೊಡುವುದಿಲ್ಲ. ಫಲಾನುಭವಿಯೇ ಮಾರುಕಟ್ಟೆಯಲ್ಲಿ ಕೆಲಸ ಹಿಡಿದು, ತಿಂಗಳಿಗೆ ಇಷ್ಟು ಗಂಟೆ ದುಡಿದೆನೆಂದು ಲೆಕ್ಕ ಒಪ್ಪಿಸಬೇಕು. ಇಂದಿನ ಅಮೆರಿಕದಲ್ಲಿ ಬಲಗೊಳ್ಳುತ್ತಿರುವುದು ಈ ನಾಲ್ಕನೆಯ ಬಗೆ.

ಎರಡನೆಯ ಬಗೆಗೆ ಇಂಗ್ಲಿಷಿನಲ್ಲಿ 'ವೆಲ್‌ಫೇರ್'ಗೆ ಪ್ರಾಸವಾಗಿ 'ವರ್ಕ್‌ಫೇರ್' ಎಂಬ ಪದ ಹುಟ್ಟಿಕೊಂಡಿತು. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1969ರ ಭಾಷಣದಲ್ಲಿ ಬಳಸಿದ ಮೇಲೆ ಅದು ಪ್ರಚಾರಕ್ಕೆ ಬಂತು. ಈಗ ಅರ್ಥ ಹಿಗ್ಗಿ, ಎಲ್ಲ ಬಗೆಯ ದುಡಿಮೆಯ ಷರತ್ತಿಗೂ ಆ ಪದ ಸಲ್ಲುತ್ತಿದೆ.

ಅರ್ಥಶಾಸ್ತ್ರಜ್ಞರಾದ ಟಿಮೋತಿ ಬೆಸ್ಲಿ ಮತ್ತು ಸ್ಟೀಫನ್ ಕೋಟ್ 1992ರ ಪ್ರಬಂಧವೊಂದರಲ್ಲಿ ಷರತ್ತಿನ ಹಿಂದಿರುವ ಎರಡು ತರ್ಕಗಳನ್ನು ಬಿಡಿಸಿ ತೋರಿಸಿದರು. ಒಂದು ಜರಡಿಯ ತರ್ಕ. ಬಿಸಿಲಲ್ಲಿ ಕಲ್ಲು ಹೊರಬೇಕು ಎಂದರೆ ಉಳ್ಳವರು ತಾವಾಗಿಯೇ ಹಿಂದೆ ಸರಿಯುತ್ತಾರೆ, ನಿಜವಾಗಿ ಬೇಕಾದವರಷ್ಟೇ ಉಳಿಯುತ್ತಾರೆ. ಇನ್ನೊಂದು ತಡೆಯ ತರ್ಕ. ನೆರವು ಸುಲಭವಾಗಿ ಸಿಗದೆಂದು ಗೊತ್ತಿದ್ದರೆ ಜನ ಮುಂಚೆಯೇ ಓದು, ಕಸುಬುಗಳ ಮೂಲಕ ಸ್ವಂತ ಕಾಲ ಮೇಲೆ ನಿಲ್ಲಲು ಯತ್ನಿಸುತ್ತಾರೆ. ರಾಜಕಾರಣಿಗಳು ಇವಕ್ಕೆ ಮೂರನೆಯದೊಂದನ್ನು, ನೀತಿಯ ತರ್ಕವನ್ನು, ಸೇರಿಸುತ್ತಾರೆ: ತೆರಿಗೆ ಕಟ್ಟುವವನು ದುಡಿಯುತ್ತಿರುವಾಗ ಅದರಿಂದ ಉಣ್ಣುವವನೂ ದುಡಿಯಬೇಡವೇ?

ಇಂಗ್ಲೆಂಡಿನ ಬಡವರ ಕಾಯ್ದೆ

ಇಂಗ್ಲೆಂಡಿನ 1601ರ ಬಡವರ ಕಾಯ್ದೆ ಚರ್ಚಿನ ವ್ಯಾಪ್ತಿಯ ಸ್ಥಳೀಯ ಘಟಕವಾದ ಪ್ರತಿ ಪ್ಯಾರಿಷ್‌ಗೂ ತನ್ನ ಬಡವರನ್ನು ಸಾಕುವ ಹೊಣೆ ಹೊರಿಸಿತು. ಕೈಲಾಗದವರಿಗೆ ಆಸರೆ, ಕೈಲಾಗುವವರಿಗೆ ಕೆಲಸ ಎಂಬ ವಿಂಗಡಣೆ ಅದರಲ್ಲೇ ಇತ್ತು. ಮುಂದೆ ಕೂಲಿ ಸಾಲದ ಕುಟುಂಬಗಳಿಗೆ ರೊಟ್ಟಿಯ ಬೆಲೆಗೆ ತಕ್ಕಂತೆ ಹಣ ಕೂಡಿಸಿ ಕೊಡುವ ಪದ್ಧತಿ 1795ರಿಂದ ಹಲವೆಡೆ ಹಬ್ಬಿ, ಖರ್ಚು ಏರಿತೆಂಬ ದೂರು ಎದ್ದಿತು. ಅದಕ್ಕೆ ಉತ್ತರವಾಗಿ ಬಂದ 1834ರ ತಿದ್ದುಪಡಿ ಕಾಯ್ದೆಯ ಹಿಂದೆ ಒಂದು ಗಟ್ಟಿ ಸೂತ್ರವಿತ್ತು: ನೆರವು ಪಡೆಯುವವನ ಸ್ಥಿತಿ ಅತಿ ಕೆಳಗಿನ ಸ್ವತಂತ್ರ ಕೂಲಿಕಾರನ ಸ್ಥಿತಿಗಿಂತ ಎಂದೂ ಮೇಲಿರಕೂಡದು. ನೆರವು ಬೇಕಾದವನು ಮನೆ ಬಿಟ್ಟು ವರ್ಕ್‌ಹೌಸ್ ಎಂಬ ದುಡಿಮೆಮನೆ ಸೇರಬೇಕು. ಅಲ್ಲಿ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ ಅಂಕಣಗಳಲ್ಲಿ. ಕೆಲಸವೆಂದರೆ ಕಲ್ಲು ಒಡೆಯುವುದು, ಹಳೆಯ ಹಡಗಿನ ಹಗ್ಗ ಬಿಡಿಸಿ ನಾರು ತೆಗೆಯುವುದು, ಗೊಬ್ಬರಕ್ಕಾಗಿ ಮೂಳೆ ಕುಟ್ಟುವುದು.

ಹ್ಯಾಂಪ್‌ಶೈರಿನ ಆ್ಯಂಡೋವರ್ ದುಡಿಮೆಮನೆಯಲ್ಲಿ ಈ ಮೂಳೆ ಕುಟ್ಟುವ ಕೆಲಸವೇ ಹಗರಣವಾಯಿತು. ಅರೆಹೊಟ್ಟೆಯಲ್ಲಿದ್ದ ಬಡವರು ಕುಟ್ಟಲು ಬಂದ ಪ್ರಾಣಿಗಳ ಮೂಳೆಗೆ ಅಂಟಿದ್ದ ಚೂರುಗಳನ್ನೂ ಒಳಗಿನ ಮಜ್ಜೆಯನ್ನೂ ಕಿತ್ತಾಡಿ ತಿನ್ನುತ್ತಿದ್ದುದು 1845ರಲ್ಲಿ ಬಯಲಾಗಿ, ಮರುವರ್ಷ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿತು. 1847ರಲ್ಲಿ ಬಡವರ ಕಾಯ್ದೆಯ ಆಯೋಗವನ್ನೇ ತೆಗೆದು ಅದರ ಜಾಗಕ್ಕೆ ಹೊಸ ಮಂಡಳಿ ಬಂತು. ಆಲಸಿಗಳನ್ನು ಸೋಸಲು ಇಟ್ಟ ಜರಡಿಯಲ್ಲಿ ಹಸಿದವರೇ ಸಿಕ್ಕಿಬಿದ್ದಿದ್ದರು.

ಬರಗಾಲದ ಕಾಮಗಾರಿಗಳು

ಇದೇ ತರ್ಕ ಹಡಗೇರಿ ಭಾರತಕ್ಕೂ ಬಂತು. 1876–78ರ ದಖ್ಖನಿನ ಮಹಾಬರವನ್ನು ಕನ್ನಡ ನಾಡು ಸಂವತ್ಸರಗಳ ಹೆಸರಿನಲ್ಲಿ ಧಾತು–ಈಶ್ವರ ಬರವೆಂದು ನೆನೆಯುತ್ತದೆ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬರದ ಸಮಯದಲ್ಲಿ ವೈಸರಾಯ್ ಲಿಟನ್ನನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಶಕ್ತರಿಗೆ ಕಾಮಗಾರಿಯಲ್ಲೇ ನೆರವು ಎಂಬ ನಿಯಮವನ್ನು ಬಿಗಿಗೊಳಿಸಿದ. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. 'ಟೆಂಪಲ್ ಕೂಲಿ' ಎಂದು ಕುಖ್ಯಾತವಾದ ಈ ಪಡಿ ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಜಾರಿಗೆ ಬಂತು. ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಪ್ರಾಂತದ ಆರೋಗ್ಯ ಅಧಿಕಾರಿ ಡಾ. ಕಾರ್ನಿಷ್ ತಕರಾರು ತೆಗೆದು, ಕನಿಷ್ಠ ಒಂದೂವರೆ ಪೌಂಡ್ ಬೇಕೆಂದು ವಾದಿಸಿದ. ಮೈಸೂರಿನಲ್ಲಿ ಕೈಲಾಗದವರಿಗೆ ಗಂಜಿ ಕೇಂದ್ರಗಳು, ಕೈಲಾಗುವವರಿಗೆ ಕೆರೆ, ರಸ್ತೆ, ರೈಲು ಹಾದಿಗಳ ಮಣ್ಣುಕೆಲಸ ಎಂಬ ಏರ್ಪಾಟಿತ್ತು. ಆದರೆ ಹಸಿವಿನ ಮೊದಲ ತಿಂಗಳಲ್ಲಿ ಶಕ್ತನಾಗಿದ್ದವನು ಮೂರನೆಯ ತಿಂಗಳಲ್ಲಿ ಅಶಕ್ತನಾಗಿರುತ್ತಿದ್ದ. ಗುದ್ದಲಿ ಎತ್ತಲಾರದ ಸ್ಥಿತಿ ತಲಪುವವರೆಗೆ ಅವನು ಗಂಜಿಗೆ ಅರ್ಹನಲ್ಲ, ತಲಪಿದ ಮೇಲೆ ಗಂಜಿಯಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ಕೊಟ್ಟ ವರದಿಯ ಮೇಲೆ 1883ರಲ್ಲಿ ಕ್ಷಾಮ ಸಂಹಿತೆ ರೂಪುಗೊಂಡಿತು. ಬರದ ಸೂಚನೆ ಕಂಡಾಗ ಅಲ್ಲಲ್ಲಿ 'ಪರೀಕ್ಷಾ ಕಾಮಗಾರಿ' ತೆರೆಯುವುದು ಅದರ ಒಂದು ಕ್ರಮ. ಕಡಿಮೆ ಕೂಲಿಗೂ ಜನ ಮುಗಿಬಿದ್ದರೆ ಸಂಕಟ ನಿಜವೆಂದು ತಿಳಿದು ಪರಿಹಾರ ವಿಸ್ತರಿಸಬೇಕು. ಷರತ್ತು ಇಲ್ಲಿ ಜನರನ್ನು ಅಳೆಯುವುದರ ಜೊತೆಗೆ ಬರವನ್ನೂ ಅಳೆಯುವ ಮಾಪಕವಾಯಿತು.

ಅಮೆರಿಕ ಸಂಯುಕ್ತ ಸಂಸ್ಥಾನ

ಅಮೆರಿಕದಲ್ಲಿ 1930ರ ದಶಕದ ಮಹಾಕುಸಿತದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ಎರಡು ಹಾದಿ ತುಳಿಯಿತು. ನಿರುದ್ಯೋಗಿಗಳಿಗೆ 1935ರಿಂದ 1943ರವರೆಗೆ ರಸ್ತೆ, ಶಾಲೆ, ಸೇತುವೆಗಳಲ್ಲಿ ಸರ್ಕಾರವೇ ಕೆಲಸ ಕೊಟ್ಟಿತು. ಗಂಡಸಿನ ಆಸರೆಯಿಲ್ಲದ ಬಡ ತಾಯಂದಿರಿಗೆ, ಮಕ್ಕಳನ್ನು ಮನೆಯಲ್ಲೇ ಇದ್ದು ಬೆಳೆಸಲಿ ಎಂದು, ನಗದು ನೆರವು ಕೊಟ್ಟಿತು. ಆ ತಾಯಂದಿರು ಹೊರಗೆ ದುಡಿಯಬೇಕೆಂಬ ನಿರೀಕ್ಷೆ ಆಗ ಇರಲಿಲ್ಲ. ಮುಂದೆ ಮಧ್ಯಮ ವರ್ಗದ ಹೆಂಗಸರೇ ಕೆಲಸಕ್ಕೆ ಹೋಗತೊಡಗಿದರು. ನೆರವು ಪಡೆಯುವ ಕುಟುಂಬಗಳೂ ಏರುತ್ತ ಹೋದವು, ಅವುಗಳಲ್ಲಿ ಕಪ್ಪು ಜನರೇ ಹೆಚ್ಚೆಂಬ ಪೂರ್ವಗ್ರಹವೂ ಬೆಳೆಯಿತು. ಜನಾಭಿಪ್ರಾಯ ತಿರುಗಿತು. 1967 ಮತ್ತು 1988ರ ಕಾನೂನುಗಳು ಕೆಲಸ, ತರಬೇತಿಯ ಷರತ್ತುಗಳನ್ನು ಮೆಲ್ಲಗೆ ಒಳತಂದವು. ನೆರವೇ ಬಡತನ ಬೆಳೆಸುತ್ತಿದೆ ಎಂದು ಚಾರ್ಲ್ಸ್ ಮರ್ರೆ 1984ರಲ್ಲಿ ವಾದಿಸಿದ. ನೆರವಿನ ಜೊತೆ ಕಟ್ಟುಪಾಡೂ ಇರಬೇಕೆಂದು ಲಾರೆನ್ಸ್ ಮೀಡ್ 1986ರಲ್ಲಿ ಬರೆದ.

1996ರ ಆಗಸ್ಟ್ 22ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಆರು ದಶಕಗಳ ಹಳೆಯ ನಗದು ನೆರವಿನ ಯೋಜನೆಯನ್ನು ಕೊನೆಗೊಳಿಸಿತು. ಅದರ ಜಾಗಕ್ಕೆ ಬಂದ 'ಟ್ಯಾನ್ಫ್' ಯೋಜನೆ ರಾಜ್ಯಗಳಿಗೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಗುತ್ತಾಗಿ ಕೊಟ್ಟಿತು. ಒಂದು ಕುಟುಂಬಕ್ಕೆ ಕೇಂದ್ರದ ಹಣದ ನೆರವು ಜೀವಮಾನದಲ್ಲಿ ಒಟ್ಟು 60 ತಿಂಗಳು. ಒಂಟಿ ಪಾಲಕರು ವಾರಕ್ಕೆ 30 ಗಂಟೆ, ಆರು ವರ್ಷದೊಳಗಿನ ಮಗುವಿದ್ದರೆ 20 ಗಂಟೆ ದುಡಿಯಬೇಕು. ರಾಜ್ಯಗಳು ತಮ್ಮ ಫಲಾನುಭವಿ ಕುಟುಂಬಗಳಲ್ಲಿ ಅರ್ಧದಷ್ಟನ್ನಾದರೂ ಕೆಲಸಕ್ಕೆ ಹಚ್ಚಿರಬೇಕು. ಫಲಾನುಭವಿಗಳ ಸಂಖ್ಯೆ ಇಳಿದರೆ ಈ ಗುರಿಯಲ್ಲಿ ರಾಜ್ಯಗಳಿಗೆ ರಿಯಾಯಿತಿಯೂ ಇತ್ತು. ಎಂದರೆ ಜನರನ್ನು ಕೆಲಸಕ್ಕೆ ಸೇರಿಸಿದರೂ ಪಟ್ಟಿಯಿಂದ ಇಳಿಸಿದರೂ ರಾಜ್ಯಕ್ಕೆ ಲೆಕ್ಕ ಸರಿಹೋಗುತ್ತಿತ್ತು. ಕಾನೂನನ್ನು ವಿರೋಧಿಸಿ ಪೀಟರ್ ಎಡೆಲ್‌ಮನ್, ಮೇರಿ ಜೋ ಬೇನ್ ಮೊದಲಾದ ಹಿರಿಯ ಅಧಿಕಾರಿಗಳು ಕ್ಲಿಂಟನ್ ಸರ್ಕಾರಕ್ಕೆ ರಾಜೀನಾಮೆ ಕೊಟ್ಟರು.

ನಂತರದ ವರ್ಷಗಳಲ್ಲಿ ನೆರವು ಪಡೆಯುವ ಕುಟುಂಬಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು, ಒಂಟಿ ತಾಯಂದಿರ ಉದ್ಯೋಗ ಏರಿತು. ಇದು ಷರತ್ತಿನ ಗೆಲುವೆಂದು ಬೆಂಬಲಿಗರು ಹೇಳುತ್ತಾರೆ. ಆದರೆ ಅದೇ ಕಾಲಕ್ಕೆ ಅರ್ಥವ್ಯವಸ್ಥೆ ಭರದಲ್ಲಿತ್ತು. ಕಡಿಮೆ ಗಳಿಕೆಯ ದುಡಿಯುವವರಿಗೆ ಕೊಡುವ ತೆರಿಗೆ ಮರುಪಾವತಿ 1993ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೆಚ್ಚಿತ್ತು. ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 1996ರಲ್ಲಿ ಮಕ್ಕಳಿರುವ ಪ್ರತಿ 100 ಬಡ ಕುಟುಂಬಗಳಲ್ಲಿ 68 ಕುಟುಂಬಗಳಿಗೆ ನಗದು ನೆರವು ತಲಪುತ್ತಿತ್ತು. 2020ರ ಹೊತ್ತಿಗೆ ಈ ಸಂಖ್ಯೆ 21ಕ್ಕೆ ಇಳಿದಿತ್ತು.

ಆಹಾರ ನೆರವಿಗೂ 1996ರ ಕಾನೂನು ಷರತ್ತು ಹಾಕಿತು. ಮಕ್ಕಳಿಲ್ಲದ, ದುಡಿಯಲು ಶಕ್ತರಾದ 18ರಿಂದ 49ರ ವಯಸ್ಸಿನವರು ತಿಂಗಳಿಗೆ 80 ಗಂಟೆ ದುಡಿಯದಿದ್ದರೆ ಅವರಿಗೆ ಮೂರು ವರ್ಷಗಳಲ್ಲಿ ಮೂರೇ ತಿಂಗಳ ನೆರವು. ಈ ವಯಸ್ಸಿನ ಮಿತಿಯನ್ನು 2023ರ ಕಾನೂನು 54ಕ್ಕೆ, 2025ರ ಕಾನೂನು 64ಕ್ಕೆ ಏರಿಸಿತು.

ಅರ್ಕನ್ಸಾ ಪ್ರಯೋಗ

ಷರತ್ತು ನೆಲದ ಮೇಲೆ ಹೇಗೆ ನಡೆಯುತ್ತದೆಂಬುದಕ್ಕೆ ಅರ್ಕನ್ಸಾ ರಾಜ್ಯದ ಅನುಭವ ಹೆಚ್ಚು ಅಧ್ಯಯನವಾದ ಉದಾಹರಣೆ. 2018ರ ಜೂನ್‌ನಲ್ಲಿ ಆ ರಾಜ್ಯ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ತಿಂಗಳಿಗೆ 80 ಗಂಟೆಯ ಷರತ್ತು ಹಾಕಿತು, ಮೊದಲು 30ರಿಂದ 49ರ ವಯಸ್ಸಿನವರಿಗೆ. ಲೆಕ್ಕ ಒಪ್ಪಿಸಲು ಆರಂಭದಲ್ಲಿ ಇದ್ದದ್ದು ಒಂದೇ ದಾರಿ, ಸರ್ಕಾರದ ಅಂತರ್ಜಾಲ ಪೋರ್ಟಲ್. ಅದಕ್ಕೆ ಇಮೇಲ್ ಬೇಕು, ಅಂಚೆಯಲ್ಲಿ ಬಂದ ಪತ್ರದಲ್ಲಿರುವ ಸಂಕೇತ ಸಂಖ್ಯೆ ಬೇಕು. ಆ ಪೋರ್ಟಲ್ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 7ಕ್ಕೆ ತೆರೆಯುತ್ತಿತ್ತು. ಹಗಲೆಲ್ಲ ದುಡಿದು ರಾತ್ರಿ ಮನೆಗೆ ಬಂದವನಿಗೆ ತಾನು ದುಡಿದೆನೆಂದು ಹೇಳಲು ಹೊತ್ತು ಮೀರಿರುತ್ತಿತ್ತು. ಮೂರು ತಿಂಗಳು ಲೆಕ್ಕ ತಪ್ಪಿದರೆ ಆ ವರ್ಷ ಮುಗಿಯುವವರೆಗೆ ವಿಮೆಯಿಲ್ಲ.

ವರ್ಷಾಂತ್ಯದೊಳಗೆ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಯೋಜನೆಗೆ ತಡೆಯೊಡ್ಡಿದರು. ಅದೇ ವರ್ಷ ಹಾರ್ವರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ ಉದ್ಯೋಗದಲ್ಲಿ ಗಮನಾರ್ಹ ಏರಿಕೆಯೇನೂ ಆಗಿರಲಿಲ್ಲ. ಷರತ್ತಿನ ವ್ಯಾಪ್ತಿಗೆ ಬಂದವರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಒಂದೋ ಆಗಲೇ ಷರತ್ತು ಪೂರೈಸುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು. ಸೋತವರಲ್ಲಿ ಹೆಚ್ಚಿನವರು ಸೋತದ್ದು ಕೆಲಸದಲ್ಲಲ್ಲ, ಲೆಕ್ಕ ಒಪ್ಪಿಸುವುದರಲ್ಲಿ.

ಇಷ್ಟಾಗಿಯೂ 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾನೂನು ಮೆಡಿಕೇಡ್‌ನ ಅರ್ಹತೆಯನ್ನು ಹಿಗ್ಗಿಸಿದಾಗ ಒಳಬಂದ ವರ್ಗದ 19ರಿಂದ 64ರ ವಯಸ್ಸಿನವರಿಗೆ ತಿಂಗಳಿಗೆ 80 ಗಂಟೆಯ ಷರತ್ತನ್ನು ದೇಶಕ್ಕೇ ಅನ್ವಯಿಸಿತು. 2027ರ ಆರಂಭಕ್ಕೆ ರಾಜ್ಯಗಳು ಇದನ್ನು ಜಾರಿಗೆ ತರಬೇಕು. 13 ವರ್ಷದವರೆಗಿನ ಮಕ್ಕಳ ಪಾಲಕರಿಗೆ ವಿನಾಯಿತಿಯಿದೆ. ಸಾಧ್ಯವಾದ ಕಡೆ ಸಂಬಳದ ದಾಖಲೆಗಳಿಂದ ರಾಜ್ಯಗಳೇ ಗಂಟೆ ಪರಿಶೀಲಿಸಬೇಕು ಎಂಬ ಮಾತೂ ಕಾನೂನಿನಲ್ಲಿದೆ. ಆದರೆ ದಿನಗೂಲಿ, ಮನೆಗೆಲಸ, ತರಕಾರಿ ವ್ಯಾಪಾರಗಳಿಗೆ ಅಂಥ ದಾಖಲೆ ಇರುವುದು ಅಪರೂಪ.

ಇತರ ದೇಶಗಳು

ಬ್ರಿಟನ್ನಿನಲ್ಲಿ 1996ರಿಂದ ನಿರುದ್ಯೋಗ ಭತ್ಯೆಯ ಹೆಸರೇ 'ಉದ್ಯೋಗಾನ್ವೇಷಕರ ಭತ್ಯೆ' ಎಂದಾಯಿತು. 2012ರ ಕಾನೂನಿನ 'ಯೂನಿವರ್ಸಲ್ ಕ್ರೆಡಿಟ್' ಪದ್ಧತಿಯಲ್ಲಿ ಫಲಾನುಭವಿ ಬದ್ಧತಾ ಪತ್ರಕ್ಕೆ ಒಪ್ಪಿಗೆ ಕೊಡಬೇಕು. ಸಾಮಾನ್ಯವಾಗಿ ವಾರಕ್ಕೆ 35 ಗಂಟೆ ಹುಡುಕಾಟದಲ್ಲೇ ಕಳೆಯಬೇಕು, ಎಂದರೆ ಕೆಲಸ ಹುಡುಕುವುದೇ ಪೂರ್ಣಾವಧಿ ಕೆಲಸ. ತಪ್ಪಿದವರ ನೆರವನ್ನು ಮೂರು ವರ್ಷದವರೆಗೂ ತಡೆಹಿಡಿಯಲು ಮೊದಲು ಅವಕಾಶವಿತ್ತು, 2019ರಲ್ಲಿ ಈ ಗರಿಷ್ಠ ಅವಧಿ ಆರು ತಿಂಗಳಿಗೆ ಇಳಿಯಿತು. ಹೃದಯದ ಕಾಯಿಲೆಯ ಬಡಗಿಯೊಬ್ಬ ಈ ವ್ಯವಸ್ಥೆಯಲ್ಲಿ ಸಿಲುಕುವ ಕಥೆಯ ಕೆನ್ ಲೋಚ್ ಚಿತ್ರ 'ಐ, ಡೇನಿಯಲ್ ಬ್ಲೇಕ್' 2016ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು.

ಜರ್ಮನಿಯಲ್ಲಿ 2005ರ 'ಹಾರ್ಟ್ಸ್ 4' ಸುಧಾರಣೆಯೊಂದಿಗೆ, ನೆರವಿನ ಮೇಲೆ ಗಂಟೆಗೆ ಒಂದೆರಡು ಯೂರೊ ಕೊಡುವ ಸಾರ್ವಜನಿಕ ಕೆಲಸಗಳು ಬಂದವು. ಷರತ್ತು ಮುರಿದವರ ನೆರವನ್ನು ಪೂರ್ತಿ ನಿಲ್ಲಿಸುವವರೆಗೂ ಕಡಿತವಿತ್ತು. 2019ರ ನವೆಂಬರ್ 5ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ, ಮಾನವ ಘನತೆಗೆ ಬೇಕಾದ ಕನಿಷ್ಠ ಬದುಕನ್ನು ಕಾಯುವುದು ರಾಜ್ಯದ ಹೊಣೆಯೆಂದು ಹೇಳಿ ಶೇ. 30ಕ್ಕಿಂತ ಹೆಚ್ಚಿನ ಕಡಿತಗಳನ್ನು ತಳ್ಳಿಹಾಕಿತು. ಷರತ್ತು ತಪ್ಪಲ್ಲ, ಅದಕ್ಕೊಂದು ತಳವಿರಬೇಕು ಎಂಬುದು ತೀರ್ಪಿನ ಸಾರ.

ಆಸ್ಟ್ರೇಲಿಯ 1990ರ ದಶಕದ ಕೊನೆಯಲ್ಲಿ 'ವರ್ಕ್ ಫಾರ್ ದ ಡೋಲ್' ಆರಂಭಿಸಿತು. ಅರ್ಜೆಂಟೀನಾ 2002ರ ಆರ್ಥಿಕ ಕುಸಿತದಲ್ಲಿ ಮನೆಯ ಯಜಮಾನ, ಯಜಮಾನಿಯರಿಗೆ ವಾರಕ್ಕೆ 20 ಗಂಟೆ ಕೆಲಸಕ್ಕೆ ತಿಂಗಳಿಗೆ 150 ಪೆಸೊ ಕೊಟ್ಟಿತು. ಇಥಿಯೋಪಿಯ 2005ರಿಂದ ಆಹಾರದ ಕೊರತೆಯ ಪ್ರದೇಶಗಳಲ್ಲಿ ಸಾರ್ವಜನಿಕ ಕಾಮಗಾರಿ ನಡೆಸುತ್ತಿದೆ.

ಭಾರತ: ಷರತ್ತು ಹಕ್ಕಾದ ಬಗೆ

ಸ್ವತಂತ್ರ ಭಾರತ ಬರಕಾಮಗಾರಿಯ ಪರಂಪರೆಯನ್ನು ಮುಂದುವರಿಸುತ್ತಲೇ ಅದನ್ನು ತಿರುವುಹಾಕಿತು. 1970ರ ದಶಕದ ಆರಂಭದ ಭೀಕರ ಬರದ ಅನುಭವದಿಂದ ಮಹಾರಾಷ್ಟ್ರ ಉದ್ಯೋಗ ಖಾತರಿ ಯೋಜನೆ ರೂಪಿಸಿ, 1977ರಲ್ಲಿ ಅದನ್ನು ಕಾನೂನಾಗಿಸಿತು. ನಗರದ ಸಂಬಳದಾರರ ವೃತ್ತಿ ತೆರಿಗೆಯಿಂದ ಅದಕ್ಕೆ ಹಣ ಹೊಂದಿಸಿತು. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಬಂತು. 2006ರ ಫೆಬ್ರುವರಿ 2ರಂದು ಮೊದಲು 200 ಜಿಲ್ಲೆಗಳಲ್ಲಿ ಅದು ಜಾರಿಯಾಯಿತು. ಕರ್ನಾಟಕದ ಬೀದರ್, ಗುಲ್ಬರ್ಗ, ರಾಯಚೂರು, ದಾವಣಗೆರೆ, ಚಿತ್ರದುರ್ಗ ಅವುಗಳಲ್ಲಿದ್ದವು. 2009ರಲ್ಲಿ ಮಹಾತ್ಮ ಗಾಂಧಿಯವರ ಹೆಸರು ಸೇರಿ ಜನರ ಬಾಯಲ್ಲಿ 'ನರೇಗಾ' ಆಗಿ ಉಳಿಯಿತು. ಅದರಡಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸದ ಖಾತರಿಯಿತ್ತು. ಕೇಳಿದ 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ಸರ್ಕಾರವೇ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಷರತ್ತಿನ ಮುಖ ಇಲ್ಲಿ ತಿರುಗಿದೆ: ತಪ್ಪಿದರೆ ದಂಡ ತೆರಬೇಕಾದದ್ದು ಕೂಲಿಕಾರನಲ್ಲ, ಸರ್ಕಾರ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ ಹೊಸ ಕಾಯ್ದೆ ತಂದು ದಿನಗಳನ್ನು 125ಕ್ಕೆ ಏರಿಸಿತು, ವೆಚ್ಚದಲ್ಲಿ ರಾಜ್ಯಗಳ ಪಾಲನ್ನೂ ಹೆಚ್ಚಿಸಿತು.

ಕಾಗದದ ಮೇಲಿನ ಈ ಹಕ್ಕಿಗೂ ಕೆರೆಯಂಗಳದ ದಿನಚರಿಗೂ ನಡುವೆ ಮತ್ತೆ ರುಜುವಾತಿನ ಪ್ರಶ್ನೆಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ರಾಯಚೂರಿನ ಕಡೆಯ ಹಳ್ಳಿಗಳಲ್ಲಿ ಬಿಸಿಲೇರುವ ಮುನ್ನವೇ ಸಲಿಕೆ, ಬುಟ್ಟಿಗಳೊಡನೆ ಜನ ಹೂಳೆತ್ತಲು ಇಳಿಯುತ್ತಾರೆ. ಕೂಲಿಕಾರರ ಗುಂಪಿನ ಮುಂದಾಳಿಗೆ ಕರ್ನಾಟಕದಲ್ಲಿ 'ಕಾಯಕ ಬಂಧು' ಎಂದು ಹೆಸರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಬೈಲ್ ಆ್ಯಪ್‌ನಲ್ಲಿ ಫೋಟೊ ತೆಗೆದರೇ ಹಾಜರಿ. 2023ರ ಜನವರಿಯಿಂದ ಇದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ದಿನ ಗುಂಡಿ ಕಣ್ಣೆದುರಿಗೇ ಇದ್ದರೂ ಹಾಜರಿ ಏರುವುದಿಲ್ಲ. ಅಗೆದ ಮಣ್ಣಿನ ಅಳತೆಯ ಮೇಲೆ ಕೂಲಿ ನಿಗದಿಯಾಗುವುದರಿಂದ ಎಂಜಿನಿಯರ್ ಬಂದು ಅಳೆಯುವುದು ತಡವಾದರೆ ಹಣವೂ ತಡ. ಸುಳ್ಳು ಹಾಜರಿ ತಡೆಯಲು ಇದು ಬೇಕೆಂದು ಸರ್ಕಾರ ಹೇಳುತ್ತದೆ. ಅದೇ ಆ್ಯಪ್‌ನಲ್ಲಿ ಸುಳ್ಳು ಫೋಟೊ ಏರಿಸಿದ ಪ್ರಕರಣಗಳೂ ಬಂದಿವೆ.

ಕರ್ನಾಟಕದ ನಗದು ಯೋಜನೆಗಳಲ್ಲಿ ಇಂಥ ಷರತ್ತಿಲ್ಲ. 2023ರ 'ಗೃಹಲಕ್ಷ್ಮಿ' ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವಾಗ ಆಕೆಯ ದುಡಿಮೆಯ ಲೆಕ್ಕ ಕೇಳುವುದಿಲ್ಲ. 'ಯುವನಿಧಿ'ಯದು ತಲೆಕೆಳಗಾದ ಷರತ್ತು: ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ಸಿಗಬೇಕಾದರೆ ತನಗಿನ್ನೂ ಕೆಲಸ ಸಿಕ್ಕಿಲ್ಲವೆಂದು ಆಗಾಗ ಸ್ವಯಂಘೋಷಣೆ ಕೊಡಬೇಕು.

ಪರಿಣಾಮಗಳ ಅಧ್ಯಯನ

ಷರತ್ತು ಕೆಲಸ ಮಾಡುವುದೇ ಇಲ್ಲವೆನ್ನಲು ಬರುವುದಿಲ್ಲ. ಕ್ಯಾಲಿಫೋರ್ನಿಯದ ರಿವರ್‌ಸೈಡ್ ಕೌಂಟಿಯಲ್ಲಿ 1980ರ ದಶಕದ ಕೊನೆಯಲ್ಲಿ ಶುರುವಾದ ಕಾರ್ಯಕ್ರಮ ಸಿಕ್ಕ ಕೆಲಸಕ್ಕೆ ಬೇಗ ಸೇರಿಸುವುದನ್ನೇ ಗುರಿಯಾಗಿಸಿತ್ತು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದಾಗ ಷರತ್ತಿನ ಗುಂಪಿನವರ ಗಳಿಕೆ ಮೂರು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಅಲ್ಲಿ ಕೆಲಸ ಹುಡುಕಿಕೊಡುವ ಸಿಬ್ಬಂದಿಯಿದ್ದರು, ಮಕ್ಕಳ ಪಾಲನೆಗೆ ನೆರವಿತ್ತು. ಇಂಥ ಹಲವು ಪ್ರಯೋಗಗಳಲ್ಲಿ ಗುಂಪುಗಳ ಅಂತರ ಐದು ವರ್ಷಗಳಲ್ಲಿ ಕರಗುತ್ತ ಹೋಯಿತು, ಏಕೆಂದರೆ ಇನ್ನೊಂದು ಗುಂಪಿನವರೂ ಕಾಲಕ್ರಮದಲ್ಲಿ ಕೆಲಸ ಹಿಡಿದರು. 1994ರಲ್ಲಿ ಆರಂಭವಾದ ಮಿನೆಸೋಟದ ಪ್ರಯೋಗ ಷರತ್ತಿನ ಜೊತೆಗೆ, ದುಡಿದವರ ನೆರವನ್ನು ತಕ್ಷಣ ಕಡಿಯದೆ ಉಳಿಸಿತು. ಅಲ್ಲಿ ಉದ್ಯೋಗ ಏರಿದ್ದಷ್ಟೇ ಅಲ್ಲ, ಬಡತನವೂ ಇಳಿಯಿತು.

ಕೇವಲ ಗಂಟೆಲೆಕ್ಕದ ಷರತ್ತಿನ ಫಲ ಬೇರೆ. ವರ್ಜೀನಿಯ ರಾಜ್ಯದ ಆಹಾರ ನೆರವಿನ ದಾಖಲೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಷರತ್ತಿಗೊಳಗಾದವರಲ್ಲಿ ನೆರವು ಪಡೆಯುವವರ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಉದ್ಯೋಗ ಹೆಚ್ಚಿದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

ವಾದ–ಪ್ರತಿವಾದ

ಬೆಂಬಲಿಗರ ದೃಷ್ಟಿಯಲ್ಲಿ ಕೆಲಸ ಆದಾಯಕ್ಕಿಂತ ದೊಡ್ಡದು. ಅದು ದಿನಕ್ಕೊಂದು ಕ್ರಮ, ಮನುಷ್ಯನಿಗೊಂದು ಮರ್ಯಾದೆ ಕೊಡುತ್ತದೆ. ಷರತ್ತಿದ್ದರೆ ತೆರಿಗೆದಾರರ ಒಪ್ಪಿಗೆ ಉಳಿಯುತ್ತದೆ, ಯೋಜನೆ ಬಾಳುತ್ತದೆ. ವಿರೋಧಿಗಳು ಮೂರು ಮಾತು ಹೇಳುತ್ತಾರೆ. ಬಡವರಲ್ಲಿ ಬಹುಪಾಲು ಜನ ಆಗಲೇ ದುಡಿಯುತ್ತಿದ್ದಾರೆ, ಆದರೆ ಗಂಟೆಗಳು ಅವರ ಕೈಯಲ್ಲಿಲ್ಲ, ಮಾಲೀಕ ಈ ವಾರ ಕರೆದು ಮುಂದಿನ ವಾರ ಬಿಡುತ್ತಾನೆ. ಮನೆಯ ಕಾಯಿಲಸ್ಥರನ್ನು, ಮಕ್ಕಳನ್ನು ನೋಡಿಕೊಳ್ಳುವುದು ಯಾವ ನಮೂನೆಯಲ್ಲೂ ಪೂರ್ತಿ ಕೆಲಸವೆನಿಸುವುದಿಲ್ಲ. ಮೂರನೆಯದಾಗಿ, ದಾಖಲೆ ಹೊಂದಿಸಲಾಗದೆ ಸೋಲುವವರು ಸಾಮಾನ್ಯವಾಗಿ ಅತಿ ದುರ್ಬಲರು: ಓದು ಬಾರದವರು, ಮನೆಯಿಲ್ಲದವರು, ಮನೋವ್ಯಾಧಿಯವರು. ಅವರನ್ನೇ ರಕ್ಷಿಸಲು ಇಟ್ಟ ವಿನಾಯಿತಿಗೂ ಅರ್ಜಿ ಬೇಕು.

ಈ ಎರಡು ಪಕ್ಷಗಳ ನಡುವೆ ಅನುಭವ ಎಳೆದಿರುವ ಗೆರೆ ಮಾತ್ರ ಸಾಕಷ್ಟು ಸ್ಪಷ್ಟ. ಕೆಲಸ ಒದಗಿಸುವ, ಇಲ್ಲವೇ ಹುಡುಕಿಕೊಡುವ ಹೊಣೆ ಸರ್ಕಾರ ಹೊತ್ತ ಕಡೆ ಷರತ್ತಿನಿಂದ ದುಡಿಮೆ ಹೆಚ್ಚಿದ ಉದಾಹರಣೆಗಳಿವೆ. ಕೆಲಸ ಹುಡುಕುವ ಹೊಣೆಯನ್ನೂ ಮಾಡಿದ್ದನ್ನು ರುಜುವಾತುಪಡಿಸುವ ಹೊಣೆಯನ್ನೂ ಫಲಾನುಭವಿಯ ಮೇಲೆಯೇ ಹೊರಿಸಿದ ಕಡೆ ಹೆಚ್ಚಾಗಿ ಕಂಡುಬಂದಿರುವುದು ಪಟ್ಟಿಯ ಇಳಿಕೆ. ಆ ಪಟ್ಟಿಯಿಂದ ಹೊರಬಿದ್ದವರೆಲ್ಲ ಕೆಲಸಕ್ಕೆ ಸೇರಿದರೆಂದು ಇಳಿದ ಸಂಖ್ಯೆಯೊಂದೇ ಹೇಳಲಾರದು.